ಪಾಸಿನವರ ರೈಲಿಗೂ ಕ್ಯಾಮೆರಾ ಎತ್ತಿ

ಹಳಿಯ ಬಳಿ ಕ್ಯಾಮೆರಾ ಹಿಡಿದು ಕಾಯುವ ಎಳೆಯ ಗೆಳೆಯ ಗೆಳತಿಯರಿಗೆ,



ಡಿಸೆಂಬರ್ ಕಾಲಿಟ್ಟಿತೆಂದರೆ ನೀವು ಬಂದೇ ಬರುತ್ತೀರಿ. ಮಾಲೂರು, ದೇವನಗೊಂದಿ, ವೈಟ್‌ಫೀಲ್ಡ್, ಬಿಡದಿ, ನಂದಿ ಹಾಲ್ಟ್, ಹೀಗೆ ಯಾವ ನಿಲ್ದಾಣಕ್ಕೆ ಹೋದರೂ ಬೆಳಕು ಹರಿಯುವ ಮೊದಲೇ ಬೈಕು ನಿಲ್ಲಿಸಿ, ಕಿವಿಗೆ ಮಫ್ಲರ್ ಸುತ್ತಿಕೊಂಡು, ಮಂಜಿನಾಚೆಯಿಂದ ಹೆಡ್‌ಲೈಟು ಕಾಣಲೆಂದು ಕಾಯುವ ನಾಲ್ಕಾರು ಮಂದಿ ಸಿಗುತ್ತೀರಿ. ಎಂಜಿನ್ ಯಾವ ಶೆಡ್ಡಿನದು ಎಂದು ದೂರದಿಂದಲೇ ಹೇಳಬಲ್ಲಿರಿ. ಈ ವಯಸ್ಸಿನಲ್ಲಿ ಒಂದು ವಿಷಯದ ಮೇಲೆ ಇಷ್ಟು ಪ್ರೀತಿ ಇಟ್ಟುಕೊಂಡು ಚಳಿಯಲ್ಲಿ ನಿಲ್ಲುವವರನ್ನು ಕಂಡರೆ ನನಗೆ ನಿಜಕ್ಕೂ ಗೌರವ.

ಬಹುಕಾಲ ನಾನು ನಿಮ್ಮನ್ನು ರೈಲಿನ ಒಳಗಿನಿಂದ ನೋಡಿದವನು. ಮಾಲೂರಿನಿಂದ ಬೆಂಗಳೂರಿಗೆ ಸೀಸನ್ ಪಾಸಿನಲ್ಲಿ ಅಪ್ ಆಂಡ್ ಡೌನ್ ಮಾಡುತ್ತಲೇ ಸರ್ವಿಸ್ ಮುಗಿಸಿದೆ. ನಿವೃತ್ತಿಯಾದ ಮೇಲೆ ಮಗಳು ಒಂದು ಕ್ಯಾಮೆರಾ ಕೊಡಿಸಿದಳು. ಅಂದಿನಿಂದ ನಿಮ್ಮ ಪಕ್ಕದಲ್ಲಿ, ಪ್ಲಾಟ್‌ಫಾರಂ ಮೇಲೆ ನಿಲ್ಲುತ್ತಿದ್ದೇನೆ. ಎರಡೂ ಕಡೆಯಿಂದ ನೋಡಿದ ಸಲುಗೆಯಲ್ಲಿ ಈ ಪತ್ರ ಬರೆಯುತ್ತಿದ್ದೇನೆ.

ವಂದೇ ಭಾರತ್ ಬಂದಾಗ, ಶತಾಬ್ದಿ ಬಂದಾಗ, ಡಬಲ್ ಡೆಕ್ಕರ್ ಬಂದಾಗ ನಿಮ್ಮೆಲ್ಲರ ಕ್ಯಾಮೆರಾಗಳೂ ಒಟ್ಟಿಗೆ ಏಳುತ್ತವೆ. ಅದರ ಹಿಂದೆಯೇ ಮಾರಿಕುಪ್ಪಂ ಕಡೆಯಿಂದಲೋ ಬಂಗಾರಪೇಟೆ ಕಡೆಯಿಂದಲೋ ಬಾಗಿಲ ತನಕ ಜನ ತುಂಬಿಕೊಂಡ ರೈಲು ಬಂದರೆ ಕ್ಯಾಮೆರಾ ಕೆಳಗಿಳಿಯುತ್ತದೆ. ಆಗ ತಲೆ ಬಗ್ಗಿಸಿ, ಅದುವರೆಗೆ ತೆಗೆದ ಚಿತ್ರಗಳನ್ನು ನೋಡುತ್ತಾ ನಿಲ್ಲುತ್ತೀರಿ. ದಯವಿಟ್ಟು ಆ ರೈಲಿಗೂ ಕ್ಯಾಮೆರಾ ಎತ್ತಿ ಎಂದು ಕೇಳಿಕೊಳ್ಳುವುದಕ್ಕೇ ಈ ಪತ್ರ.

ಆ ರೈಲಿನಲ್ಲಿ ಯಾರಿದ್ದಾರೆ ನೋಡಿ. ಮಾರಿಕುಪ್ಪಂ, ಚಾಂಪಿಯನ್, ಉರಿಗಾಂ, ಕೋರಮಂಡಲ್ ಎಂಬ ನಿಲ್ದಾಣಗಳು ಚಿನ್ನದ ಗಣಿಗಳಿಗಾಗಿ ಹುಟ್ಟಿದ ದಾರಿಯವು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಅಲ್ಲಿಂದೀಚೆಗೆ ಕೆಜಿಎಫ್‌ನ ಸಾವಿರಾರು ಮನೆಗಳ ಒಲೆ ಉರಿಯುತ್ತಿರುವುದು ಬೆಂಗಳೂರಿನ ದುಡಿಮೆಯಿಂದ. ಸೆಕ್ಯುರಿಟಿ ಕೆಲಸದವರು, ಆಸ್ಪತ್ರೆಯ ಆಯಾಗಳು, ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ಐಟಿಐ ಮುಗಿಸಿದ ಹುಡುಗರು, ಬ್ಯಾಂಕಿನ ಗುಮಾಸ್ತರು ಎಲ್ಲರೂ ನಸುಕಿಗೇ ಎದ್ದು, ಡಬ್ಬಿ ಕಟ್ಟಿಕೊಂಡು ಈ ರೈಲು ಹತ್ತುತ್ತಾರೆ. ರಾತ್ರಿ ಇದರಲ್ಲೇ ಮನೆಗೆ ಹಿಂದಿರುಗುತ್ತಾರೆ. ಟ್ಯಾಕಲ್, ಬ್ಯಾಟರಾಯನಹಳ್ಳಿ, ಮಾಲೂರುಗಳಲ್ಲಿ ನಮ್ಮಂಥವರು ಸೇರಿಕೊಳ್ಳುತ್ತೇವೆ. ಒಂದೇ ಬೋಗಿಯಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು ಒಂದರೊಳಗೊಂದು ಸೇರಿ ಓಡಾಡುತ್ತಿರುತ್ತವೆ. ನಮ್ಮ ಪಾಸಿನ ಗೆಳೆಯರ ಗುಂಪೊಂದು ಈಚೆಗೆ ಸೇರಿದ್ದಾಗ ಹಳೆಯ ಫೋಟೊಗಳನ್ನೆಲ್ಲ ಹರವಿಕೊಂಡು ಕೂತಿದ್ದೆವು. ಮದುವೆಯವು ಇದ್ದವು, ಕಾರ್ಖಾನೆಯ ಆಯುಧಪೂಜೆಯವು ಇದ್ದವು, ತಿರುಪತಿಗೆ ಹೋದದ್ದೂ ಇತ್ತು. ಆಯುಷ್ಯದ ಅಷ್ಟೊಂದು ಭಾಗವನ್ನು ಕಳೆದ ಆ ಬೋಗಿಯ ಒಂದೇ ಒಂದು ಚಿತ್ರ ಯಾರ ಮನೆಯಲ್ಲೂ ಇರಲಿಲ್ಲ. ಬೆಳಗಿನ ಜಾವ ಕೆಲಸಕ್ಕೆ ಓಡುವವರ ಕೈಯಲ್ಲಿ ಆಗ ಕ್ಯಾಮೆರಾ ಎಲ್ಲಿಂದ ಬರಬೇಕು?

1979ರಲ್ಲಿ ಆರಂಭವಾದ ಮೈಸೂರಿನ ರೈಲು ಸಂಗ್ರಹಾಲಯವನ್ನು ನೀವು ನೋಡಿರುತ್ತೀರಿ. ಮಹಾರಾಣಿಯವರ ಸಲೂನ್ ಬೋಗಿಯನ್ನು ಅಲ್ಲಿ ಜೋಪಾನವಾಗಿ ಇಟ್ಟಿದ್ದಾರೆ, ಹಬೆ ಎಂಜಿನ್ನುಗಳಿವೆ. ಅವು ಉಳಿದದ್ದು ನಮ್ಮೆಲ್ಲರ ಭಾಗ್ಯ. ಆದರೆ ಮೂವರ ಸೀಟಿನಲ್ಲಿ ಐವರು ಹೇಗೆ ಹೊಂದಿಕೊಂಡು ಕೂರುತ್ತಿದ್ದರು, ನಿಂತವರ ಬ್ಯಾಗುಗಳನ್ನು ಕೂತವರು ಹೇಗೆ ಮಡಿಲಲ್ಲಿಟ್ಟುಕೊಳ್ಳುತ್ತಿದ್ದರು ಎಂಬುದನ್ನು ಎಂಜಿನ್ನು ಹೇಳಲಾರದು. ಅದನ್ನು ಹೇಳಬೇಕಾದದ್ದು ಚಿತ್ರ. ಮೈಸೂರಿನವರೇ ಆದ ಟಿ.ಎಸ್. ಸತ್ಯನ್ ಅವರ ಛಾಯಾಚಿತ್ರಗಳನ್ನು ಹುಡುಕಿ ನೋಡಿ. ಎಷ್ಟೆಲ್ಲ ದೊಡ್ಡವರ ಚಿತ್ರ ತೆಗೆದ ಅವರ ಕ್ಯಾಮೆರಾ ಬೀದಿಯ ಮಕ್ಕಳ ಬಳಿ, ದುಡಿಯುವ ಸಾಮಾನ್ಯರ ಬಳಿ ಎಷ್ಟು ಪ್ರೀತಿಯಿಂದ ನಿಂತಿತ್ತು ಎಂಬುದು ತಿಳಿಯುತ್ತದೆ.

ಚಳಿಗಾಲವನ್ನೇ ಯಾಕೆ ಹೇಳುತ್ತಿದ್ದೇನೆ ಎಂದರೆ, ಪಾಸಿನವರ ರೈಲಿಗೂ ಸೂರ್ಯನಿಗೂ ವೇಳೆ ಹೊಂದುವುದು ಈ ಎರಡು ತಿಂಗಳು. ಜೂನ್‌ನಲ್ಲಿ ಬೆಂಗಳೂರಿನ ಸೂರ್ಯ ಆರು ಗಂಟೆಗೆ ಮುಂಚೆಯೇ ಎದ್ದಿರುತ್ತಾನೆ. ಡಿಸೆಂಬರ್ ಕೊನೆಗೆ ಸೂರ್ಯೋದಯ 6.40 ದಾಟುತ್ತದೆ, ಜನವರಿ ಮೂರನೆಯ ವಾರದಲ್ಲಿ 6.45ರ ಆಸುಪಾಸು. ಅಂದರೆ ಜನ ಕೆಲಸಕ್ಕೆ ಹೊರಟ ಹೊತ್ತಿನಲ್ಲೇ ಬೆಳಕು ನೆಲದ ಮಟ್ಟದಲ್ಲಿ ಅಡ್ಡಡ್ಡ ಬರುತ್ತಿರುತ್ತದೆ. ಏಪ್ರಿಲ್ ಕೊನೆಯಲ್ಲಿ ನಡುಹಗಲಿನ ಸೂರ್ಯ ನೆತ್ತಿಯ ಮೇಲಿದ್ದು ಬೋಗಿಯ ಬದಿಯೆಲ್ಲ ಕತ್ತಲಾಗುತ್ತದೆ; ಡಿಸೆಂಬರ್‌ನಲ್ಲಿ ನಡುಹಗಲಿಗೂ ಅವನು ದಕ್ಷಿಣಕ್ಕೆ ವಾಲಿ ಸುಮಾರು 54 ಡಿಗ್ರಿ ಎತ್ತರದಲ್ಲೇ ಉಳಿಯುತ್ತಾನೆ. ಬೆಳಕು ಕಿಟಕಿಯೊಳಗೆ ಹೋಗುತ್ತದೆ.

ಇದರಲ್ಲಿ ನಮ್ಮ ಬಂಗಾರಪೇಟೆ ದಾರಿಯದೊಂದು ವಿಶೇಷವಿದೆ. ಬಹಳ ದಿನ ಕಿಟಕಿ ಪಕ್ಕ ಕೂತವರಿಗೆ ಅದು ಮೈಗೇ ಗೊತ್ತು. ಬಂಗಾರಪೇಟೆಯಿಂದ ವೈಟ್‌ಫೀಲ್ಡಿಗೆ ಹಳಿ ಹೆಚ್ಚುಕಡಿಮೆ ನೇರ ಪಶ್ಚಿಮಕ್ಕೆ ಹೋಗುತ್ತದೆ. ಬೆಳಿಗ್ಗೆ ರೈಲು ಬೆಂಗಳೂರಿನತ್ತ ಮುಖ ಮಾಡಿದಾಗ ಸೂರ್ಯ ಬೆನ್ನ ಹಿಂದೆ. ಸಂಜೆ ಮನೆಯತ್ತ ತಿರುಗಿದಾಗಲೂ ಸೂರ್ಯ ಬೆನ್ನ ಹಿಂದೆಯೇ. ಹೀಗಾಗಿ ಈ ರೈಲಿನ ಎದುರು ಮುಖಕ್ಕೆ ಬೆಳಕು ಬೀಳುವುದೇ ಇಲ್ಲ. ನಿಮ್ಮಲ್ಲಿ ಕೆಲವರು ಇಲ್ಲಿ ಚಿತ್ರ ಸರಿಯಾಗಿ ಬರುವುದಿಲ್ಲ ಎಂದು ಬೇಸರಪಟ್ಟು ಹೋಗುವುದು ಇದಕ್ಕೇ. ಆದರೆ ಚಳಿಗಾಲದ ಸೂರ್ಯ ಆಗ್ನೇಯದಲ್ಲಿ ಹುಟ್ಟಿ ನೈಋತ್ಯದಲ್ಲಿ ಮುಳುಗುವುದರಿಂದ ಬೆಳಿಗ್ಗೆಯೂ ಸಂಜೆಯೂ ರೈಲಿನ ದಕ್ಷಿಣದ ಬದಿಗೆ ಬಂಗಾರದಂಥ ಬೆಳಕು ಸಿಗುತ್ತದೆ. ಎಂಜಿನ್ ಮುಖವನ್ನು ಬಿಡಿ, ಹಳಿಯ ದಕ್ಷಿಣಕ್ಕಿರುವ ಪ್ಲಾಟ್‌ಫಾರಂ ಮೇಲೆ ನಿಂತು ಕಿಟಕಿಗಳನ್ನು ನೋಡಿ. ಸಾಲಾಗಿ ಮುಖಗಳು, ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡವರು, ಶಾಲಿನೊಳಗೆ ತಲೆ ಹುದುಗಿಸಿದವರು. ಈ ರೈಲನ್ನು ಎಲ್ಲಿಂದ ನೋಡಬೇಕು ಎಂಬುದನ್ನು ಸೂರ್ಯನೇ ತೋರಿಸಿಕೊಟ್ಟಿದ್ದಾನೆ ಎಂದು ನನಗೆ ಅನ್ನಿಸುತ್ತದೆ.

ಮುಖವೇ ಬೇಕೆನ್ನುವವರು ರಾಮನಗರದ ಕಡೆ ಹೋಗಿ. ಅಲ್ಲಿ ಹಳಿ ಈಶಾನ್ಯಕ್ಕೆ ತಿರುಗಿರುವುದರಿಂದ ಬೆಂಗಳೂರಿಗೆ ಹೋಗುವ ಬೆಳಗಿನ ರೈಲಿನ ಮುಖಕ್ಕೂ ಬಲಬದಿಗೂ ಬೆಳಕು ಬೀಳುತ್ತದೆ, ಹಿನ್ನೆಲೆಗೆ ಬಂಡೆಯ ಬೆಟ್ಟಗಳಿವೆ.

ಮಂಜಿನ ಬಗ್ಗೆ ಎರಡು ಮಾತು. ಮೋಡವಿಲ್ಲದ ರಾತ್ರಿ ನೆಲ ಬೇಗ ಶಾಖ ಕಳೆದುಕೊಂಡು ಅದರ ಮೇಲಿನ ತೇವದ ಗಾಳಿಯನ್ನು ತಣ್ಣಗಾಗಿಸುತ್ತದೆ. ಹಾಗಾಗಿ ಕೆರೆಯ ಬಯಲು, ತೋಟದ ತಗ್ಗುಗಳಲ್ಲಿ ಮಂಜು ಮೊದಲು ಕೂರುತ್ತದೆ. ಮಾಲೂರಿನ ಕಡೆ ಇಟ್ಟಿಗೆ ಗೂಡಿನ ಹೊಗೆಯೂ ಅದಕ್ಕೆ ಸೇರಿಕೊಳ್ಳುತ್ತದೆ. ಕ್ಯಾಮೆರಾ ಈ ಬಿಳುಪನ್ನು ಕಂಡು ಬೆಳಕು ಹೆಚ್ಚಾಯಿತೆಂದು ಲೆಕ್ಕ ಹಾಕಿ ಚಿತ್ರವನ್ನು ಮಂಕು ಮಾಡುತ್ತದೆ. ಎಕ್ಸ್‌ಪೋಷರ್ ಅರ್ಧದಿಂದ ಒಂದು ಸ್ಟಾಪ್ ಏರಿಸಿದರೆ ಮಂಜು ಮಂಜಿನಂತೆಯೇ ಬರುತ್ತದೆ. ಮೊಬೈಲಿನಲ್ಲಿ ತೆಗೆಯುವವರು ರೈಲು ಬರುವ ಮೊದಲೇ ಪ್ಲಾಟ್‌ಫಾರಂ ಅಂಚಿನ ಯಾವುದಾದರೂ ಕಂಬದ ಮೇಲೆ ಬೆರಳು ಒತ್ತಿಹಿಡಿದು ಫೋಕಸ್ ಲಾಕ್ ಮಾಡಿಕೊಳ್ಳಿ. ಇಲ್ಲವಾದರೆ ಅದು ಮಂಜಿನಲ್ಲಿ ಹುಡುಕಾಡುತ್ತಲೇ ಇರುತ್ತದೆ. ಮೆಮು ರೈಲಿನ ಮುಂದಿನ ಎಲ್‌ಇಡಿ ಬೋರ್ಡು ವೇಗದ ಶಟರ್‌ನಲ್ಲಿ ತುಂಡುತುಂಡಾಗಿ ಬರುತ್ತದೆ. ರೈಲು ನಿಂತ ಮೇಲೆ ಶಟರ್ 1/60ರ ಸುತ್ತ ಇಳಿಸಿ ಇನ್ನೊಂದು ಚಿತ್ರ ತೆಗೆದುಕೊಳ್ಳಿ, ಊರಿನ ಹೆಸರು ಪೂರ್ತಿ ಸಿಗುತ್ತದೆ. ಚಳಿಯಲ್ಲಿ ನಿಂತು ತುಂಬಿದ ಬೋಗಿಗೆ ಹತ್ತಿದ ಕೂಡಲೇ ಜನರ ಉಸಿರಿನ ತೇವಕ್ಕೆ ಲೆನ್ಸು ಮಸುಕಾಗುತ್ತದೆ. ಗಾಬರಿಯಾಗಬೇಡಿ, ಬನಿಯನ್ ಅಂಚಿನಿಂದ ಉಜ್ಜಲೂ ಬೇಡಿ. ಸ್ವಲ್ಪ ಹೊತ್ತು ಸುಮ್ಮನಿದ್ದರೆ ತಾನೇ ತಿಳಿಯಾಗುತ್ತದೆ.

ಹೊರಗಿನಿಂದಷ್ಟೇ ಸಾಲದು, ಒಮ್ಮೆ ಟಿಕೆಟ್ ಕೊಂಡು ಒಳಗೆ ಬನ್ನಿ. ಬೆಳಿಗ್ಗೆ ಬೇಡ, ಆಗ ನಿಲ್ಲಲೂ ಜಾಗವಿಲ್ಲ, ನಿಮ್ಮ ಬ್ಯಾಗು ನಾಲ್ವರಿಗೆ ತೊಂದರೆ. ಸಂಜೆಯ ರೈಲಿನಲ್ಲಿ, ವೈಟ್‌ಫೀಲ್ಡ್ ದಾಟಿ ಜನ ಸ್ವಲ್ಪ ಸಡಿಲವಾದ ಮೇಲೆ ನೋಡಿ. ಅವರೆಕಾಯಿಯ ಕಾಲ. ಕೆ.ಆರ್. ಪುರದಲ್ಲಿ ಹತ್ತಿದ ಹೆಂಗಸರು ಸೀಟಿನ ನಡುವೆ ಹಳೆಯ ಪತ್ರಿಕೆ ಹಾಸಿ ಕಾಯಿ ಸುರುವಿಕೊಳ್ಳುತ್ತಾರೆ. ಎದುರಿಗೆ ಕೂತ ಪರಿಚಯವಿಲ್ಲದವರೂ ಕೈ ಹಾಕುತ್ತಾರೆ. ಹೆಬ್ಬೆರಳಿನ ಉಗುರು ಕಾಯಿಯ ಬೆನ್ನಿಗೆ ತಾಗಿದೊಡನೆ ಸಿಪ್ಪೆ ಸೀಳುತ್ತದೆ, ಕಾಳು ಡಬ್ಬಿಯ ಮುಚ್ಚಳಕ್ಕೆ ಬೀಳುತ್ತದೆ, ಸೊಗಡು ಬೋಗಿಯೆಲ್ಲ ಹರಡುತ್ತದೆ. ಮಾಲೂರು ಬರುವಷ್ಟರಲ್ಲಿ ಒಂದು ಹೊತ್ತಿನ ಸಾರಿಗಾಗುವಷ್ಟು ಕಾಳು ಬಿಡಿಸಿ ಆಗಿರುತ್ತದೆ. ಮನೆಗೆ ಹೋದೊಡನೆ ಒಲೆ ಹಚ್ಚಬೇಕಾದವರು ಅವರು. ಅವರ ದಿನದಲ್ಲಿ ಆ ಒಂದು ಗಂಟೆ ಎಂಥದ್ದು ಎಂಬುದು ಆ ಬೆರಳುಗಳ ಚಿತ್ರದಲ್ಲಿ ಬರುತ್ತದೆ, ಮುಖವನ್ನೂ ತೆಗೆಯಬೇಕಾಗಿಲ್ಲ.

ಮುಖ ತೆಗೆಯುವುದಾದರೆ ಕೇಳಿ ತೆಗೆಯಿರಿ. “ಅಕ್ಕಾ, ಒಂದು ಫೋಟೊ ತೆಗೆದುಕೊಳ್ಳಲಾ?” ಎಂದರೆ ಸಾಕು. ಬೇಡ ಎಂದರೆ ಬೇಡ, ಎರಡನೆಯ ಸಲ ಕೇಳಬೇಡಿ. ಮಹಿಳಾ ಬೋಗಿಯ ಕಿಟಕಿಗೆ ಲೆನ್ಸು ಇಡಬೇಡಿ. ನಿದ್ದೆ ಹೋದವರನ್ನು ದಯಮಾಡಿ ಬಿಟ್ಟುಬಿಡಿ. ರಾತ್ರಿ ಪಾಳಿ ಮುಗಿಸಿ ಬಾಯಿ ತೆರೆದು ಮಲಗಿದ ಒಬ್ಬ ತಾಯಿಯ ಚಿತ್ರ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿ, ಆಕೆಯ ಮಗ ಕಾಲೇಜಿನಲ್ಲಿ ತಲೆ ತಗ್ಗಿಸುವಂತಾದದ್ದನ್ನು ನಾನು ಕಂಡಿದ್ದೇನೆ. ತೆಗೆದವನಿಗೆ ಕೆಟ್ಟ ಉದ್ದೇಶ ಇರಲಿಲ್ಲ ಎಂದೇ ನಂಬುತ್ತೇನೆ. ಆದರೂ ಆ ತಾಯಿ ಆಮೇಲೆ ಎಷ್ಟೋ ದಿನ ರೈಲಿನಲ್ಲಿ ಕಣ್ಣು ಮುಚ್ಚಲಿಲ್ಲ.

ಇನ್ನು ಹಳಿಯ ವಿಷಯ. ಇಲ್ಲಿ ನನ್ನ ದನಿ ಗಡುಸಾದರೆ ಕ್ಷಮಿಸಿ.

ಪ್ಲಾಟ್‌ಫಾರಂ ಬಿಟ್ಟು ಹಳಿಗೆ ಇಳಿಯಬೇಡಿ. ಎರಡು ಹಳಿಗಳ ನಡುವೆ ಮೊಣಕಾಲೂರಿ ಕೂತು ತೆಗೆದ ಚಿತ್ರ ಎಷ್ಟೇ ಚೆನ್ನಾಗಿದ್ದರೂ ಅದಕ್ಕೆ ಮೆಚ್ಚುಗೆ ಕೊಡಬೇಡಿ. ಒಂದು ಮಂಜಿನ ಬೆಳಿಗ್ಗೆ ನಿಮ್ಮ ವಯಸ್ಸಿನ ಹುಡುಗನೊಬ್ಬ ಹೀಗೇ ಕೂತು ಆಚೆ ಲೈನಿನ ಗೂಡ್ಸ್ ರೈಲಿನ ವಿಡಿಯೊ ಮಾಡುತ್ತಿದ್ದ. ಗೂಡ್ಸಿನ ಸದ್ದಿನಲ್ಲಿ ಈಚೆ ಲೈನಿನ ಹಾರ್ನು ಅವನಿಗೆ ಕೇಳಲಿಲ್ಲ. ಟ್ರ್ಯಾಕ್‌ಮನ್ ಒಬ್ಬರು ಓಡಿಹೋಗಿ ಅಂಗಿ ಹಿಡಿದು ಎಳೆದದ್ದರಿಂದ ಬದುಕಿಕೊಂಡ. ಆ ದಿನ ಪ್ಲಾಟ್‌ಫಾರಂ ಮೇಲೆ ನಿಂತಿದ್ದ ನಾವು ಯಾರೂ ಬಹಳ ಹೊತ್ತು ಮಾತಾಡಲಿಲ್ಲ.

ಇಂಥ ಅಪಘಾತ ನಡೆಯುವ ಬಗೆ ತಿಳಿದಿರಲಿ. ವಿದ್ಯುತ್ ರೈಲು ಡೀಸೆಲ್ಲಿನಷ್ಟು ಸದ್ದು ಮಾಡುವುದಿಲ್ಲ. ಜೋಡಿ ಹಳಿಯಲ್ಲಿ ಒಂದು ರೈಲಿನ ಸದ್ದು ಇನ್ನೊಂದನ್ನು ನುಂಗಿಬಿಡುತ್ತದೆ. ಮೊಬೈಲಿನ ವೈಡ್ ಲೆನ್ಸು ಹತ್ತಿರದ ರೈಲನ್ನು ದೂರದಲ್ಲಿರುವಂತೆ ತೋರಿಸುತ್ತದೆ; ಪರದೆಯನ್ನು ನಂಬಿದವನಿಗೆ ಇನ್ನೂ ಸಮಯವಿದೆ ಅನ್ನಿಸುತ್ತಿರುತ್ತದೆ. ಬ್ರೇಕು ಹಾಕಿದರೂ ವೇಗದಲ್ಲಿರುವ ರೈಲು ನೂರಾರು ಮೀಟರ್ ಮುಂದೆ ಬಂದೇ ನಿಲ್ಲುವುದು. ಮೇಲಿನ ತಂತಿಯಲ್ಲಿ 25,000 ವೋಲ್ಟ್ ಹರಿಯುತ್ತಿರುತ್ತದೆ. ಅದನ್ನು ಮುಟ್ಟಲೇಬೇಕೆಂದಿಲ್ಲ, ತೀರಾ ಹತ್ತಿರ ಹೋದರೂ ಹಾರಿ ಬಂದು ಹೊಡೆಯುತ್ತದೆ. ಆದ್ದರಿಂದ ಫುಟ್ ಓವರ್ ಬ್ರಿಡ್ಜಿನ ಮೇಲಿಂದ ಸೆಲ್ಫಿ ಸ್ಟಿಕ್ಕು, ಮಾನೊಪಾಡುಗಳನ್ನು ಹೊರಗೆ ಚಾಚಬೇಡಿ. 1989ರ ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಹಳಿಯ ಮೇಲೆ ಅತಿಕ್ರಮ ಪ್ರವೇಶಕ್ಕೆ ಆರು ತಿಂಗಳವರೆಗೆ ಜೈಲು, ಒಂದು ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಆದರೆ ಕಾಯ್ದೆಗೆ ಹೆದರಿ ದೂರ ನಿಲ್ಲಿ ಎಂದು ಹೇಳುತ್ತಿಲ್ಲ. ನಮ್ಮ ಬೀದಿಯಲ್ಲಿ ನಿವೃತ್ತ ಲೋಕೊ ಪೈಲಟ್ ಒಬ್ಬರಿದ್ದಾರೆ. ಹಳಿಗೆ ಅಡ್ಡ ಬಂದವರ ಮುಖ ಕೊನೆಯ ಕ್ಷಣದಲ್ಲಿ ಸ್ಪಷ್ಟವಾಗಿ ಕಾಣುತ್ತದಂತೆ. ಅಷ್ಟು ಹೇಳಿ ಅವರು ಮಾತು ಬದಲಿಸುತ್ತಾರೆ. ನಿಮ್ಮ ಚಿತ್ರಕ್ಕಾಗಿ ಅಂಥ ನೆನಪನ್ನು ಇನ್ನೊಬ್ಬರ ಪಾಲಿಗೆ ಹೊರಿಸಬೇಡಿ. ಮಂಜಿನಲ್ಲಿ ಸಿಗ್ನಲ್ ಹುಡುಕುತ್ತಿರುವ ಲೋಕೊ ಪೈಲಟ್ ಕಣ್ಣಿಗೆ ಫ್ಲ್ಯಾಶ್ ಹೊಡೆಯುವುದೂ ಅಷ್ಟೇ ತಪ್ಪು. ಕ್ಯಾಮೆರಾದಲ್ಲಿ ಅದನ್ನು ಆರಿಸಿಟ್ಟೇ ನಿಲ್ದಾಣಕ್ಕೆ ಬನ್ನಿ.

ಪ್ಲಾಟ್‌ಫಾರಂ ಟಿಕೆಟ್ ಕೊಳ್ಳಿ, ಸ್ಟೇಷನ್ ಮಾಸ್ಟರಿಗೆ ನಮಸ್ಕಾರ ಹೇಳಿ ವಿಷಯ ತಿಳಿಸಿ, ಹಳದಿ ಪಟ್ಟಿಯ ಹಿಂದೆ ನಿಲ್ಲಿ. ಆರ್‌ಪಿಎಫ್‌ನವರು ಕೇಳಿದರೆ ತೆಗೆದದ್ದನ್ನು ತೋರಿಸಿ. ಇವತ್ತು ಬೇಡ ಅಂದರೆ ವಾದಕ್ಕೆ ಇಳಿಯದೆ ಬಂದುಬಿಡಿ. ಮುಂದಿನ ವಾರವೂ ಅದೇ ರೈಲು ಬರುತ್ತದೆ. ಪಾಸಿನವರ ರೈಲಿನ ಅನುಕೂಲವೇ ಅದು.

ಅನುಕೂಲ ಎಂದೆ. ಆದರೆ ಅದೂ ಶಾಶ್ವತವಲ್ಲ. ಬೆಂಗಳೂರು ಉಪನಗರ ರೈಲು ಯೋಜನೆಗೆ 2020ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಸಿಕ್ಕಿತು, 2022ರ ಜೂನ್‌ನಲ್ಲಿ ಶಂಕುಸ್ಥಾಪನೆಯಾಯಿತು. ಒಟ್ಟು 148 ಕಿಲೋಮೀಟರ್, ನಾಲ್ಕು ಮಾರ್ಗ: ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ. ಪಾರಿಜಾತ ಕೆಂಗೇರಿಯಿಂದ ವೈಟ್‌ಫೀಲ್ಡಿಗೆ, ಸಂಪಿಗೆ ಮೆಜೆಸ್ಟಿಕ್ ಬಳಿಯ ಕೆಎಸ್‌ಆರ್ ನಿಲ್ದಾಣದಿಂದ ದೇವನಹಳ್ಳಿಯ ಕಡೆಗೆ. ಇದು ಬೇಗ ಬರಲಿ ಎಂದು ಪಾಸಿನವರಷ್ಟು ಮನಸಾರೆ ಬಯಸುವವರು ಇನ್ನಾರೂ ಇಲ್ಲ. ವೈಟ್‌ಫೀಲ್ಡಿಗೆ 2023ರಲ್ಲಿ ಮೆಟ್ರೊ ಬಂದ ಮೇಲೆ ನಮ್ಮಲ್ಲಿ ಎಷ್ಟೋ ಜನ ಇಳಿಯುವ ನಿಲ್ದಾಣವೇ ಬದಲಾಯಿತು. ಕಂಟೋನ್ಮೆಂಟ್ ನಿಲ್ದಾಣ ಹೊಸ ರೂಪ ತಾಳುತ್ತಿದೆ. ಯಲಹಂಕದಿಂದ ಚಿಕ್ಕಬಳ್ಳಾಪುರದವರೆಗೆ ಒಂದು ಕಾಲದಲ್ಲಿ ನ್ಯಾರೋಗೇಜ್ ರೈಲು ಓಡಾಡಿದ ದಾರಿಯಲ್ಲಿ ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟಿನ ಪುಟ್ಟ ಹಳೆಯ ಕಟ್ಟಡಗಳಿವೆ. ಅದೇ ದಾರಿಯಲ್ಲಿ 2021ರಲ್ಲಿ ವಿಮಾನ ನಿಲ್ದಾಣದ ಹಾಲ್ಟ್ ತೆರೆಯಿತು. ಆ ನ್ಯಾರೋಗೇಜ್ ರೈಲಿನ ಎಂಜಿನ್ ಚಿತ್ರಗಳು ಅಲ್ಲಲ್ಲಿ ಸಿಗುತ್ತವೆ. ಅದರಲ್ಲಿ ರೇಷ್ಮೆಗೂಡು, ಸೊಪ್ಪಿನ ಹೊರೆ ಇಟ್ಟುಕೊಂಡು ಕೂತವರನ್ನು ಹುಡುಕಿ ನೋಡಿ, ಕಾಣುವುದು ಅಪರೂಪ. ಇಂದಿನ ರೈಲಿಗೆ ಹಾಗಾಗದಂತೆ ನೋಡಿಕೊಳ್ಳುವ ಶಕ್ತಿ ನಿಮ್ಮ ಕೈಯಲ್ಲಿದೆ. ನಿಮ್ಮಷ್ಟು ನಸುಕಿಗೆ ಎದ್ದು, ನಿಮ್ಮಷ್ಟು ತಾಳ್ಮೆಯಿಂದ ನಿಲ್ಲುವವರು ಬೇರೆ ಯಾರೂ ಇಲ್ಲ.

ಆದ್ದರಿಂದ ಕೆಲವು ಬೇಡಿಕೆಗಳು. ಎಂಜಿನ್ನಿನ ಹತ್ತು ಚಿತ್ರ ತೆಗೆದರೆ ಪಾಸಿನವರ ರೈಲಿನದೊಂದಾದರೂ ಇರಲಿ. ರೈಲು ಹೊರಟುಹೋದ ಮೇಲೂ ಕ್ಯಾಮೆರಾ ಒಳಗಿಡಬೇಡಿ. ಮೆಟ್ಟಿಲು ಹತ್ತುವ ಗುಂಪು, ತಪ್ಪಿಸಿಕೊಂಡವನು, ಟೀ ಮಾರುವವನು, ಕಂಬಕ್ಕೆ ಕಟ್ಟಿದ ವೇಳಾಪಟ್ಟಿ, ಗೇಟಿನ ಹೊರಗೆ ಇಬ್ಬನಿಯಲ್ಲಿ ತೊಯ್ದು ನಿಂತ ಬೈಕುಗಳ ಸಾಲು, ಇವೆಲ್ಲವೂ ಆ ರೈಲಿಗೆ ಸೇರಿದ್ದೇ. ಪ್ರತಿ ಚಿತ್ರದ ಜೊತೆ ದಿನಾಂಕ, ಹೊತ್ತು, ನಿಲ್ದಾಣ, ರೈಲಿನ ನಂಬರ್, ಸಾಧ್ಯವಾದರೆ ಬೋಗಿಯ ನಂಬರ್ ಬರೆದಿಡಿ. ಎಂಜಿನ್ ವಿವರವನ್ನು ನೀವು ಹೇಗೂ ಬರೆಯುತ್ತೀರಿ; ಅದರ ಕೆಳಗೆ ಜನ ಎಲ್ಲಿಂದ ಎಲ್ಲಿಗೆ ಹೊರಟಿದ್ದರು ಎಂದೂ ಒಂದು ಸಾಲು ಸೇರಿಸಿ. ಯಾರದಾದರೂ ಚಿತ್ರ ತೆಗೆದರೆ ಒಂದು ಪ್ರಿಂಟ್ ಹಾಕಿಸಿ ಅವರ ಕೈಗೆ ಕೊಡಿ. ಅವರನ್ನು ಹುಡುಕುವುದು ಕಷ್ಟವಲ್ಲ, ಅದೇ ರೈಲಿನ ಅದೇ ಬೋಗಿಯಲ್ಲಿ, ಬಹುಪಾಲು ಅದೇ ಸೀಟಿನಲ್ಲಿ ಸಿಗುತ್ತಾರೆ. ಚಳಿಗಾಲ ಮುಗಿದ ಮೇಲೆ ಚೆನ್ನಾಗಿ ಬಂದ ಕೆಲವನ್ನು ಆರಿಸಿ, ವಿವರ ಬರೆದು, ನಿಮ್ಮೂರಿನ ಸಾರ್ವಜನಿಕ ಗ್ರಂಥಾಲಯಕ್ಕೋ ಕಾಲೇಜಿಗೋ ಒಂದು ಪ್ರತಿ ಕೊಟ್ಟಿಡಿ. ಮೊಬೈಲು ಕಳೆದುಹೋಗುತ್ತದೆ, ಹಾರ್ಡ್ ಡಿಸ್ಕು ಕೆಡುತ್ತದೆ. ಕಾಗದದ ಚಿತ್ರ ಯಾರದೋ ಕೈಗೆ ಸಿಕ್ಕೇ ಸಿಗುತ್ತದೆ.

ಮಾಲೂರಿಗೆ ಬಂದರೆ ಪ್ಲಾಟ್‌ಫಾರಂ ಮೇಲೆ ನನ್ನನ್ನು ಮಾತನಾಡಿಸಿ. ನಸುಕಿನ ಯಾವ ರೈಲಿನಲ್ಲಿ ಯಾರು ಎಲ್ಲಿ ಕೂರುತ್ತಾರೆ, ಯಾರು ಸಂತೋಷವಾಗಿ ಚಿತ್ರ ತೆಗೆಸಿಕೊಳ್ಳುತ್ತಾರೆ, ಯಾರನ್ನು ಕೇಳಲೇಬಾರದು ಎಂಬುದನ್ನೆಲ್ಲ ಹೇಳಿಕೊಡುತ್ತೇನೆ.

ಇಂತಿ ನಿಮ್ಮ ಹಿತೈಷಿ,
ಮಾಲೂರು–ಬೆಂಗಳೂರು ರೈಲಿನ ಒಬ್ಬ ಹಳೆಯ ಪಾಸುದಾರ